ಅಣ್ಣನ ಟ್ರಂಕುಗಳಲ್ಲಿ ಇಲ್ಲದ್ದು

ಅದಲ್ಲ ಮಗಳೇ, ಆ ಟ್ರಂಕು ಮುಚ್ಚು. ಅದರಲ್ಲಿರೋದು ಬರೀ ಭಾಷಣ. ಹೂಂ, ಎಲ್ಲಾ ಲೆಯಾಂದ್ರೊಸ್ ಅಣ್ಣಂದೇ. ಒಂದೊಂದು ಭಾಷಣಾನೂ ಎರಡೆರಡು ಥರ ಟೈಪ್ ಮಾಡಿಸಿ ಇಟ್ಕೊಂಡಿದಾನೆ. ತಂಬಾಕು ಬೆಳೆಯೋರ ಮುಂದೆ ಒಂಥರಾ, ತಂಬಾಕು ಕೊಳ್ಳೋರ ಮುಂದೆ ಇನ್ನೊಂಥರಾ... ಯಾಕೆ ನಗ್ತೀಯ? ನಗೋಂಥದ್ದೇನಿದೆ, ರಾಜಕೀಯ ಅಂದ್ರೆ ಅಷ್ಟೇ ಅಲ್ವ. ಕೂತ್ಕೊ. ಆ ಕುರ್ಚಿ ಮೇಲಿರೋ ಫೈಲು ನೆಲಕ್ಕಿಡು, ಪರವಾಗಿಲ್ಲ, ಮಂತ್ರಿಗಳ ಕಾಗದ ಅಂತ ಹೆದರಬೇಡ. ಹನ್ನೆರಡಕ್ಕೆ ಪುರಸಭೆಯೋರು ವ್ಯಾನ್ ತರ್ತಾರೆ, ಎಲ್ಲಾ ಹೊತ್ಕೊಂಡು ಹೋಗ್ತಾರೆ. ಗ್ರಂಥಾಲಯದ ಮಹಡೀಲಿ ಒಂದು ಕೋಣೆ ಮಾಡಿದಾರಂತೆ. ಬಾಗಿಲ ಮೇಲೆ ಅಣ್ಣನ ಹೆಸರು, ಹಿತ್ತಾಳೆ ಅಕ್ಷರದಲ್ಲಿ. "ಛಾಯಾಗ್ರಾಹಕ, ಉದ್ಯಮಿ, ಕವಾಲಾ ಊರಿನ ಸಂಸದ." ಸತ್ತು ಇನ್ನೂ ವರ್ಷ ತುಂಬಿಲ್ಲ, ಆಗಲೇ ಹಿತ್ತಾಳೆ ಬಂತು.

ಫೋಕಿಯಾನ್ ಬೆಳಗ್ಗೇನೇ ಫೋನ್ ಮಾಡಿದ್ದ. ಅಣ್ಣನ ಮಗ, ಅಥೆನ್ಸಲ್ಲಿ ವಕೀಲ. "ಪೊಲಿಕ್ಸೆನಿ ಅತ್ತೆ, ಟ್ರಂಕು ಕೊಡಿ, ರಸೀದಿ ತಗೊಳ್ಳಿ, ಯಾರ ಹತ್ರಾನೂ ಮಾತು ಬೇಡ." ಮಾತು ಬೇಡವಂತೆ. ಒಬ್ಬಳೇ ಇರೋ ಮುದುಕಿಗೆ ಮಾತಲ್ಲದೆ ಇನ್ನೇನಿದೆ ಕೆಲಸ? ಈ ಸಲ ಅವನೂ ಚುನಾವಣೆಗೆ ನಿಲ್ತಾನೆ, ಅಪ್ಪನ ಸೀಟಿಗೇನೇ. ಅವನನ್ನ ಅನ್ನಬಾರದು ಬಿಡು. ಮನೆ ಅವನ ಹೆಸರಲ್ಲಿದೆ, ನಾನಿಲ್ಲಿ ಇರೋದು ಅವನು ಹೂಂ ಅಂದಿದ್ದಕ್ಕೆ.

ಕಾಫಿ ಆರಿಹೋಗುತ್ತೆ, ಕುಡಿ. ಆ ಕುರಬಿಯೆ ಬಿಸ್ಕತ್ತು ಮುರ್ಕೊಂಡು ತಿನ್ನು, ಹಾಗೇ ಕಚ್ಚಿದ್ರೆ ಸಕ್ಕರೆಪುಡಿ ಮೂಗಿಗೆ ಏರುತ್ತೆ. ನಿಮ್ಮಪ್ಪನೂ ಹಾಗೇ ಕೆಮ್ಮಿ ಕೆಮ್ಮಿ... ಏನಿಲ್ಲ. ಎಲ್ಲರೂ ಕೆಮ್ಮುತಾರೆ ಅಂದೆ. ಅದೇನು ನಿಮ್ಮಪ್ಪ ಒಬ್ಬನೇನಾ.

ಆಯ್ತು, ಮತ್ತೊಂದ್ಸಲ ಹೇಳು. ಫಾನಿ. ಅನೆಸ್ತಿ ಮಗಳು. ತಂಬಾಕು ಗೋದಾಮಲ್ಲಿ ಎಲೆ ವಿಂಗಡಿಸ್ತಿದ್ದ ಅನೆಸ್ತಿ, ಕೂಲಿಗಳ ಸಂಘದೋನು, ನಿರಾಶ್ರಿತರ ಕೇರಿಯೋನು. ಗೊತ್ತಿಲ್ದೆ ಏನು, ಹೆಸರು ಕೇಳಿದೀನಿ. ಆಗ ಅವನ ಹೆಸರು ಕೇಳದೋರು ಈ ಊರಲ್ಲಿ ಯಾರಿದ್ರು? ನೀನು ಸ್ಟುಟ್‌ಗಾರ್ಟಲ್ಲಿ ಹೊಲಿಗೆ ಕಾರ್ಖಾನೇಲಿ ಇಷ್ಟು ವರ್ಷ ದುಡಿದು ವಾಪಸ್ ಬಂದಿದೀಯ. ಅಮ್ಮನೂ ಹೋಗಿಬಿಟ್ರು. ಮನೇಲಿ ಅಪ್ಪಂದು ಅಂತ ಒಂದು ಚಿತ್ರ ಇಲ್ಲ. ಪೊಲೀಸರು ಜಪ್ತಿ ಮಾಡಿದಾಗ ಮದುವೆ ಚಿತ್ರಾನೂ ತಗೊಂಡು ಹೋದ್ರು... ಅಲ್ವ? ಅದಕ್ಕೇ ಬಂದಿದೀಯ. ಅಪ್ಪನ ಮುಖ ಹೇಗಿತ್ತು ಅಂತ ನೋಡಬೇಕು. ಇಷ್ಟೇ. ಇದಕ್ಕಿಂತ ಕಮ್ಮಿ ಯಾರಾದ್ರೂ ಏನು ಕೇಳ್ತಾರೆ.

ಆದ್ರೆ ಇಲ್ಲವಲ್ಲ ಮಗಳೇ. ಕೂಲಿಗಳ ಚಿತ್ರ ಎಲ್ಲಾ ನಾವೇ ತೆಗೆದಿದ್ದು, ಅದು ನಿಜ. ಗೋದಾಮಿನ ಕೆಲಸಕ್ಕೆ ಗುರುತಿನ ಕೂಲಿಪುಸ್ತಕ ಬೇಕು, ಪುಸ್ತಕಕ್ಕೆ ಚಿತ್ರ ಬೇಕು. ಸಾಲುಗಟ್ಟಿ ಬರ್ತಿದ್ರು, ಬೆರಳೆಲ್ಲಾ ಹಳದಿ, ಬಟ್ಟೆಯಲ್ಲಿ ಎಲೆ ವಾಸನೆ. ಒಂದು ಕೋಟು ಗೂಟಕ್ಕೆ ನೇತುಹಾಕಿರ್ತಿದ್ವಿ, ಒಬ್ಬ ಬಿಚ್ಚಿದ ಮೇಲೆ ಇನ್ನೊಬ್ಬ ತೊಡ್ತಿದ್ದ. ಅರ್ಧ ಕವಾಲಾಕ್ಕೆ ಅದೇ ಕೋಟು. ಆ ಗಾಜಿನ ನೆಗೆಟಿವುಗಳು ಕೇಳ್ತೀಯಾ? ಇದೇ ಮನೆಯ ನೆಲಮಾಳಿಗೆ ತುಂಬ ಇದ್ವು. ಅಂತರ್ಯುದ್ಧ ಮುಗಿದ ಮೇಲೆ ಅಣ್ಣ ಎಲ್ಲಾ ಬಿಸಿನೀರಲ್ಲಿ ನೆನೆಹಾಕಿಸಿ ಕೆರೆಸಿದ. ಗಾಜಿಗೆ ಬೆಲೆ ಇತ್ತು ಆಗ. ತಂಬಾಕು ಸಸಿ ಮಡಿ ಮೇಲೆ ಹೊದಿಸ್ತಾರಲ್ಲ, ಚಳಿ ತಾಗದ ಹಾಗೆ, ಅದಕ್ಕೆ ಹಳ್ಳಿಯೋರು ಕೊಂಡ್ಕೊಂಡು ಹೋದ್ರು. ಕೆಲವು ಸರಿಯಾಗಿ ಕೆರೆದಿರ್ಲಿಲ್ಲವಂತೆ. ಸಸಿಗಳ ಮೇಲೆ ಒಂದು ಕಿವಿ, ಒಂದು ಮೀಸೆ ಉಳಿದಿತ್ತು ಅಂತ ಒಬ್ಬ ರೈತ ಬಂದು ಹೇಳಿ ನಕ್ಕ. ನಾನು ನಗಲಿಲ್ಲ.

ನೀನು ಬೇಕಾದ್ರೆ ಹುಡುಕು, ನಾನೇನು ತಡೀತೀನಾ. ಆ ನೀಲಿ ಟ್ರಂಕಲ್ಲಿ ವ್ಯಾಪಾರದ್ದು. ಜರ್ಮನಿ ಕಂಪನಿಗಳ ಕಾಗದ, ಕ್ಯಾಮೆರಾ ಕ್ಯಾಟಲಾಗು. ಮೂರು ಊರಲ್ಲಿ ಸ್ಟುಡಿಯೋ, ಇಡೀ ಉತ್ತರಕ್ಕೆ ಫಿಲ್ಮ್ ಸರಬರಾಜು ಅವಂದೇ. ಇದರಲ್ಲಿ ಪಕ್ಷದ್ದು. ಇದು ಬಿಷಪ್ಪರ ಜೊತೆ, ಇದು ಬಂದರಿನ ಹೊಸ ಕಟ್ಟೆ ಉದ್ಘಾಟನೆ. ನೋಡು, ಹೇಗೆ ನಿಂತಿದಾನೆ. ಎಲ್ಲರ ಚಿತ್ರ ತೆಗೆದೂ ತೆಗೆದೂ ತಾನು ಯಾವ ಮಗ್ಗುಲಿಗೆ ತಿರುಗಿದ್ರೆ ಚೆನ್ನ ಅಂತ ಅವನಿಗೆ ಗೊತ್ತಿತ್ತು. ಆ ಕೆನ್ನೆ ಮೇಲೆ ಒಂದು ನರಹುಲಿ ಇತ್ತು, ಕಾಣುತ್ತಾ? ಕಾಣಲ್ಲ. ನಾನೇ ತೆಗೆದಿದ್ದು, ಬ್ರಷ್ಷಲ್ಲಿ. ಟಚಿಂಗ್ ಎಲ್ಲಾ ನಂದೇ. ಪ್ರಿಂಟ್ ಹಾಕೋದೂ ನಾನೇ. ಅಣ್ಣನಿಗೆ ಆ ಔಷಧಿ ವಾಸನೆ ಆಗ್ತಿರ್ಲಿಲ್ಲ, ತಲೆನೋವು ಬರ್ತಿತ್ತು. ಮುಖ್ಯಬೀದೀಲಿ ಹೊಸ ಸ್ಟುಡಿಯೋ ಕಟ್ಟಿದ ಮೇಲೆ ಈ ಮನೆ ಮೇಲಿನ ಡಾರ್ಕ್‌ರೂಮಿಗೆ ಅವನು ಕಾಲಿಡ್ತಿದ್ದದ್ದೇ ಅಪರೂಪ.

ಒಳ್ಳೆಯೋನೇ ಅವನು. ತಪ್ಪು ತಿಳೀಬೇಡ. ಅಪ್ಪ ಸತ್ತಾಗ ನನ್ನನ್ನ ಸಾಕಿದೋನು ಅವನೇ. ಅವನಿಗಿದ್ದದ್ದು ಒಂದೇ ವಿದ್ಯೆ. ಒಮ್ಮೆ ಮುಖ ನೋಡಿದ್ರೆ ಆಯ್ತು, ಹೆಸರು ಮರೀತಿರ್ಲಿಲ್ಲ. ಬೀದೀಲಿ ಎದುರಾದ ರೈತನಿಗೆ, "ಏನಪ್ಪ, ನಿನ್ನ ಮಗನ ನಾಮಕರಣಕ್ಕೆ ಚಿತ್ರ ತೆಗೆದಿದ್ದೆ, ಈಗ ಎಷ್ಟೆತ್ತರ ಆಗಿದಾನೆ?" ಅಂತ ಕೇಳೋನು. ಅವನು ಮನೆಗೆ ಹೋಗಿ ಹೆಂಡತಿಗೆ ಹೇಳೋನು. ಅಲ್ಲಿಗೆ ಎರಡು ಓಟು. ಹಾಗೇ ಗೆದ್ದದ್ದು ಅವನು, ಈ ಭಾಷಣಗಳಿಂದ ಅಲ್ಲ.

ಹಾಂ... ಅದೂ ಹೌದು. ಮುಖ ಗೊತ್ತಿರೋನು ಬೇರೆಯೋರಿಗೂ ಬೇಕಾಗ್ತಾನೆ. ನೀನು ಕೇಳಿರ್ತೀಯ, ಊರಲ್ಲಿ ಹೇಳ್ತಾರೆ. ಆ ಅಂತರ್ಯುದ್ಧದ ಚಳಿಗಾಲದಲ್ಲಿ ಪೊಲೀಸರು ಸ್ಟುಡಿಯೋಗೆ ಬಂದು ಡ್ರಾಯರ್ ಎಳೀತಿದ್ರು. "ಇವನು ಯಾರು, ಇವನ ಪಕ್ಕದಲ್ಲಿರೋನು ಯಾರು, ದಂಗೆ ಏಳಕ್ಕೆ ಬೆಟ್ಟ ಹತ್ತಿದೋರಲ್ಲಿ ಇವನಿದಾನಾ?" ಇಲ್ಲ ಅನ್ನಕ್ಕಾಗುತ್ತಾ? ಅಂದೋರು ಗಡೀಪಾರಾಗಿ ಕೈದಿಗಳ ದ್ವೀಪ ಸೇರಿದ್ರು. ಅಣ್ಣ ಅನ್ನಲಿಲ್ಲ. ಎಷ್ಟು ಹೇಳಿದ, ಯಾರದ್ದು ಹೇಳಿದ, ನನಗೆ ಗೊತ್ತಿಲ್ಲ. ಟ್ರಂಕಲ್ಲಿ ಅದು ಸಿಗಲ್ಲ, ನೋಡಬೇಡ. ಅಣ್ಣ ಬೇಡದ್ದನ್ನ ಬರೆದಿಡೋ ಪೈಕಿ ಅಲ್ಲ.

ನಿಮ್ಮಮ್ಮ ಒಂದ್ಸಲ ಬಂದಿದ್ರು. ನಿಂಗೆ ಹೇಳಿರ್ಲಿಲ್ವಾ? ನೀನಾಗ ಸ್ಕೂಲಿಗೆ ಹೋಗ್ತಿದ್ದೆ ಅನ್ಸುತ್ತೆ. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ. ಇದೇ ಕೇಳಕ್ಕೆ ಬಂದಿದ್ರು, ಕೂಲಿಪುಸ್ತಕದ ಚಿತ್ರದ ನೆಗೆಟಿವ್ ಇದೆಯಾ ಅಂತ. ಅಣ್ಣ ಎದ್ದು ನಿಂತು ಕುರ್ಚಿ ಕೊಟ್ಟ. ಮರ್ಯಾದೆಯಿಂದ ಮಾತಾಡಿದ. "ಇಲ್ಲಮ್ಮ, ಎಲ್ಲಾ ಹೋಯ್ತು" ಅಂದ. ಅವರು ಕೂರಲಿಲ್ಲ. ಕುರ್ಚಿ ಬೆನ್ನು ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದ್ರು. ಬಾಗಿಲವರೆಗೂ ಅಣ್ಣನೇ ಹೋಗಿ ಬಿಟ್ಟುಬಂದ. ಆಮೇಲೆ ಎರಡು ದಿನ ಅವನಿಗೆ ಊಟ ಸೇರಲಿಲ್ಲ. ನಾನು ನೋಡಿದೀನಿ.

ಏನದು? ಪೇಪರ್ ಕತ್ತರಿಸಿದ್ದಾ? ಕೊಡು, ಕನ್ನಡಕ ಎಲ್ಲಿ... ಹೂಂ. "ಲೆಕಾನಿ ಬೆಟ್ಟದ ಹಿಮದಲ್ಲಿ, ಕೈಯಲ್ಲಿ ಬಂದೂಕಿದ್ದಾಗಲೇ, ಸೆರೆ ಸಿಕ್ಕ ದಂಗೆಕೋರ..." ಓದಿದೀನಿ. ಆಗಲೇ ಓದಿದ್ದೆ. ಮಿಲಿಟರಿ ಕೋರ್ಟು, ಆಮೇಲೆ ಒಂದು ಬೆಳಗಿನ ಜಾವ... ಗೊತ್ತು ಮಗಳೇ. ಅದನ್ನ ಮಡಿಚಿಟ್ಕೊ. ಹೌದು, ಬಂದೂಕು ಹಿಡಿದೋನಿಗೆ ಗುಂಡು, ಬರಿಗೈಯೋನಿಗೆ ದ್ವೀಪ. ಆಗ ಹಾಗಿತ್ತು. ದ್ವೀಪದಿಂದ ವಾಪಸ್ ಬಂದೋರು ಎಷ್ಟೋ ಜನ ಇದಾರೆ. ಕೆಳಗಿನ ರೊಟ್ಟಿ ಅಂಗಡಿಯೋನೇ ಇದಾನಲ್ಲ.

ಅಳಬೇಡ. ಅಳೋದಿದ್ರೆ ಅಳು, ಸರಿ. ನನಗೆ ಸಮಾಧಾನ ಮಾಡಕ್ಕೆ ಬರಲ್ಲ, ಮಕ್ಕಳನ್ನ ಹೆತ್ತೋಳಲ್ಲ. ಒಂದು ಹೇಳ್ತೀನಿ ಕೇಳು. ಅಪ್ಪ ಹೆದರಿದ್ರಾ ಅಂತ ಕೇಳಿದ್ಯಲ್ಲ ಆಗಲೇ? ಹೆದರಲಿಲ್ಲ. ಅಂಗಲಾಚಲಿಲ್ಲ. ಎಂಥ ಮನುಷ್ಯ ಅಂತೀಯ, ಮೆಟ್ಟಿಲು ಇಳಿಯುವಾಗ ಮುಂದಿದ್ದ ಪೊಲೀಸಿನೋನಿಗೆ, ಮೀಸೆ ಮೂಡದ ಹುಡುಗ ಅವನು, ಅವನಿಗೆ ಹೇಳ್ತಾನೆ, "ಹುಷಾರಪ್ಪ, ಆ ಹಲಗೆ ಸಡಿಲ ಇದೆ, ಕಾಲು ಜಾರುತ್ತೆ." ತನ್ನ ಕೈಗೆ ಕೋಳ ಹಾಕಿದೋನಿಗೆ. ಅಂಥೋನು. ಅದನ್ನ ನೆನಪಿಟ್ಕೊ, ಚಿತ್ರಕ್ಕಿಂತ ಅದು...

ಕಾಫಿ ಕುಡಿ.

ಯಾಕೆ ಹಾಗೆ ನೋಡ್ತೀಯ?

ಏನಾಯ್ತು? ಯಾರೋ ಹೇಳಿದ್ದಮ್ಮ. ಊರಲ್ಲಿ ಸಾವಿರ ಮಾತಾಡ್ತಾರೆ. ಬೆಟ್ಟದ ಮೇಲೂ ಮೆಟ್ಟಿಲಿರುತ್ತೆ, ಕುರುಬರ ಮನೆ ಇರುತ್ತೆ, ಅದಕ್ಕೆ ಅಟ್ಟ, ಅಟ್ಟಕ್ಕೆ ಮೆಟ್ಟಿಲು... ಯಾವ ಮನೆ ಅಂದ್ರೆ ನನಗೇನು ಗೊತ್ತು. ಹಳೇ ಮಾತು, ನನಗೂ ವಯಸ್ಸಾಯ್ತು, ಒಬ್ಬನ ಕಥೆ ಇನ್ನೊಬ್ಬನಿಗೆ ಸೇರಿಸಿರ್ತೀನಿ. ಪೇಪರಲ್ಲಿ ಬೆಟ್ಟ ಅಂತಿದೆಯಲ್ಲ, ಬೆಟ್ಟವೇ ಇರಲಿ.

ಏನಾದ್ರೂ ಅನ್ನು ಫಾನಿ.

ಬಾಗಿಲ ಕಡೆ ಯಾಕೆ ನೋಡ್ತಿದೀಯ? ಆ ಹಲಗೆ ಈಗಿಲ್ಲ. ಎಲ್ಲಾ ಕಿತ್ತು ಕಲ್ಲು ಹಾಕಿಸಿದಾರೆ...

ಅಯ್ಯೋ.

ಹೂಂ. ಇಲ್ಲೇ. ಇನ್ನೆಲ್ಲಿ.

ನಿಂತ್ಕೊಂಡಿದ್ರೆ ಹೇಳಕ್ಕಾಗಲ್ಲ, ಕೂತ್ಕೊ. ಕೂರಲ್ವಾ? ನಿಮ್ಮಮ್ಮನ ಹಾಗೇ ನಿಂತಿದೀಯ. ಸರಿ. ಅವನು ಬೆಟ್ಟಕ್ಕೆ ಹೋಗಲೇ ಇಲ್ಲ. ಹೋಗಕ್ಕೆ ಅಂತ ಹೊರಟಿದ್ದ, ದಾರಿ ಕಟ್ಟಿದ್ರು. ಮಳೆ ಹಿಡ್ಕೊಂಡಿದ್ದ ಒಂದು ಸಂಜೆ ಹಿತ್ತಲ ಬಾಗಿಲಿಗೆ ಬಂದ. ಯಾಕೆ ನಮ್ಮ ಮನೆಗೇ ಅಂತೀಯಾ? ಲೆಯಾಂದ್ರೊಸನ ಮನೇಲಿ ಹುಡುಕಕ್ಕೆ ಯಾರಿಗೂ ತೋಚಲ್ಲ, ಅದಕ್ಕೆ. ಬುದ್ಧಿವಂತ. ನಾನು ಅವನ ಸಂಘದೋಳಲ್ಲ, ಏನೂ ಅಲ್ಲ. ಬಾಗಿಲು ತೆಗೆದೆ, ಒದ್ದೆಯಾಗಿದ್ದ, ಒಳಗೆ ಬಾ ಅಂದೆ. ಆಮೇಲೆ ಹೋಗು ಅನ್ನಕ್ಕಾಗಲಿಲ್ಲ. ಮೇಲಿನ ಡಾರ್ಕ್‌ರೂಮಿನ ಹಿಂದೆ ಗಾಜು ಇಡೋ ಕಿರುಕೋಣೆ ಇತ್ತು. ಚಳಿಗಾಲ ಪೂರ್ತಿ ಅಲ್ಲೇ.

ಇಲ್ಲ. ಅಂಥದ್ದೇನೂ ಇರ್ಲಿಲ್ಲ. ಕೇಳೋದು ತಪ್ಪಲ್ಲ, ನಾನೂ ಆಗ ಹರೆಯದೋಳು. ಆದ್ರೆ ಅವನ ಬಾಯಲ್ಲಿ ನೀನೇ, ನಿಮ್ಮಮ್ಮನೇ. ನೀನು ಕೈಗೂಸು. "ಇಷ್ಟೊತ್ತಿಗೆ ಹಲ್ಲು ಬಂದಿರುತ್ತೆ ಅಲ್ವ ಪೊಲಿಕ್ಸೆನಿ?" ಅಂತಿದ್ದ. ನನಗೇನು ಗೊತ್ತು ಕೂಸುಗಳ ಹಲ್ಲು? ಬೀದೀಲಿ ಹೋಗೋ ತಾಯಂದಿರನ್ನ ಕೇಳ್ಕೊಂಡು ಬಂದು ಹೇಳ್ತಿದ್ದೆ. ಈಗ ಕೂರುತ್ತಂತೆ, ಈಗ ತವಳುತ್ತಂತೆ. ಅವನು ಕಣ್ಣು ಮುಚ್ಕೊಂಡು ಕೇಳ್ತಿದ್ದ. ನಿನ್ನನ್ನ ಎತ್ತಿ ಆಡಿಸದೇ ಇರಬಹುದು ಅವನು, ಆದ್ರೆ ನೀನು ತವಳಿದ್ದು, ನಿಂತಿದ್ದು, ಎಲ್ಲಾ ಆ ಕತ್ತಲೇಲೇ ನೋಡಿದ.

ಮುಖ? ಚಿತ್ರ ಇಲ್ಲ, ಅದು ಸುಳ್ಳಲ್ಲ. ಅಡಗಿರೋನ ಚಿತ್ರ ಯಾರಾದ್ರೂ ತೆಗೀತಾರಾ. ನಿನ್ನ ಹಣೆ ಅವಂದೇ. ಕಿವಿ ಸ್ವಲ್ಪ ಹೊರಗೆ. ಎಡಗಡೆ ಹುಬ್ಬು ಮಧ್ಯದಲ್ಲಿ ಸೀಳು, ಚಿಕ್ಕವನಿದ್ದಾಗ ಬಿದ್ದಿದ್ದಂತೆ. ನಗುವಾಗ ಕೈ ಅಡ್ಡ ಹಿಡೀತಿದ್ದ, ಮುಂದಿನ ಹಲ್ಲೊಂದು ಇರ್ಲಿಲ್ಲ. ಸಾವಿರ ಮುಖ ತಿದ್ದಿದ ಕೈ ಇದು, ಆ ಮುಖ ಮಾತ್ರ ತಿದ್ದದೇ ಉಳಿಸ್ಕೊಂಡಿದೀನಿ.

ಅಣ್ಣನಿಗೆ ಹೇಗೆ ಗೊತ್ತಾಯ್ತು... ಒಂದು ಮಧ್ಯಾಹ್ನ ಏನೋ ಪ್ರಿಂಟ್ ಅರ್ಜೆಂಟು ಅಂತ ಮೇಲೆ ಬಂದುಬಿಟ್ಟ. ಅನೆಸ್ತಿ ಒಳಗೆ ಸೇರ್ಕೊಂಡ. ಮೇಜಿನ ಮೇಲೆ ಎರಡು ಕಾಫಿ ಲೋಟ ಇದ್ವು. ಅಣ್ಣ ಅದನ್ನ ನೋಡಿದ, ನನ್ನನ್ನ ನೋಡಿದ. ನೀರು ಕೇಳಿ ಕುಡಿದ, ಪ್ರಿಂಟ್ ತಗೊಂಡು ಹೋದ. ನಾನು ಪೆದ್ದಿ, ನೋಡಲಿಲ್ಲ ಅಂದ್ಕೊಂಡೆ. ಮಾರನೇ ದಿನ ಪೊಲೀಸರು ಬಂದ್ರು. ಹಾಡುಹಗಲು. ಬಾಗಿಲೂ ಬಡೀಲಿಲ್ಲ, ಅವರ ಹತ್ರ ಬೀಗದಕೈ ಇತ್ತು. ಅಣ್ಣ ಎದುರಿನ ಕಾಫಿ ಅಂಗಡೀಲಿ ಕೂತಿದ್ದ, ಬೆನ್ನು ಈ ಕಡೆ ಹಾಕ್ಕೊಂಡು.

ಅದೇ ದಿನ ನನ್ನನ್ನ ಥಾಸೊಸ್ ದ್ವೀಪಕ್ಕೆ, ಚಿಕ್ಕಮ್ಮನ ಮನೆಗೆ, ದೋಣಿ ಹತ್ತಿಸಿದ. ಕಟ್ಟೆ ಮೇಲೆ ನನ್ನ ತೋಳು ಹಿಡ್ಕೊಂಡು ಹೇಳಿದ. "ನಮ್ಮ ಮನೇಲಿ ಸಿಕ್ಕ ಅಂತ ಬರೆದ್ರೆ ಅವನ ಜೊತೆ ನೀನೂ ಕೋರ್ಟಿಗೆ. ಬೆಟ್ಟದಲ್ಲಿ ಸಿಕ್ಕ ಅಂತ ಬರೀತಾರೆ. ಮಾತಾಗಿದೆ. ನೀನು ಬಾಯಿ ಬಿಟ್ಟೆಯೋ, ಇಬ್ಬರೂ ಹೋಗ್ತೀರ." ಬೆಟ್ಟ ಅಂದ್ರೆ ಬಂದೂಕೂ ಬೇಕಾಗುತ್ತೆ ಅಂತ ನನಗೆ ಆಗ ಹೊಳೀಲಿಲ್ಲ. ಅವನಿಗೆ ಹೊಳೆದಿತ್ತು. ಚಿಕ್ಕಮ್ಮ ನನ್ನನ್ನ ಬಂದರಿನ ಹತ್ರ ಸುಳಿಯಕ್ಕೆ ಬಿಡಲಿಲ್ಲ. ವಾಪಸ್ ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು. ಡಾರ್ಕ್‌ರೂಮಿನ ಗೋಡೆ ಒಡೆದು ಇದನ್ನ ಮಾಡಿಸಿದ್ದ, ನಾವು ನಿಂತಿರೋ ಈ ಕೋಣೇನ, ಕಿಟಕಿ ಇಟ್ಟು.

ಯಾಕೆ ಹೇಳಲಿಲ್ಲ ಅಂತೀಯ, ಯಾರಿಗೆ ಹೇಳಲಿ? ಆಗ ಯಾರಿಗೆ ಹೇಳೋದಿತ್ತು? ಆಮೇಲೆ ಅವನೇ ಸಂಸದ. ಆಮೇಲೆ ಅವನು ಮುದುಕ, ನಾನೇ ಊಟ ತಿನ್ನಿಸಬೇಕು. ದಿನಾ ಗಂಜಿ ಕುಡಿಸ್ತಾ ಅವನ ಬಾಯಿ ನೋಡ್ತಿದ್ದೆ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ. ಹೇಳಲಿಲ್ಲ. ನಾನು ಬದುಕಿದ್ದೀನಲ್ಲ ಮಗಳೇ, ಇಷ್ಟು ವರ್ಷ, ಈ ಕಾಫಿ, ಈ ಕಿಟಕಿ, ಎಲ್ಲಾ ಆ ಸುಳ್ಳಿನ ಮೇಲೇ ಬದುಕಿದ್ದು. ಅವನ ಪಾಲಿನ ದ್ವೀಪ ಇತ್ತಲ್ಲ, ಅದನ್ನ ನನಗೆ ಕೊಟ್ರು. ಅದೂ ಬರೀ ಕೆಲವು ತಿಂಗಳು. ಅವನಾಗಿದ್ರೆ ಕೆಲವು ವರ್ಷ ಕಲ್ಲು ಹೊತ್ತು ವಾಪಸ್ ಬರ್ತಿದ್ದ. ನಿನ್ನ ಮದುವೇಲಿ ಕುಣೀತಿದ್ದ.

ಗಂಟೆ ಬಾರಿಸ್ತಿದಾರೆ. ಪುರಸಭೆಯೋರು. ಬೇಗ ಬಂದ್ರು. ಬಾರಿಸಲಿ.

ಬಂದೂಕಂತೆ. ನನ್ನ ಕಣ್ಣಾರೆ ನೋಡಿದೀನಿ ಫಾನಿ. ಅವತ್ತು ಯಾರೋ ರೊಟ್ಟಿಯೋನ ಮಗಳ ಮದುವೆ ಚಿತ್ರ ಪ್ರಿಂಟ್ ಹಾಕ್ತಿದ್ವಿ. ಸುಮ್ಮನೆ ಕೂತು ಬೇಜಾರು, ನನಗೂ ಕೆಲಸ ಕೊಡು ಅಂತ ಅವನೇ ನಿಂತಿದ್ದ. ಬಾಗಿಲು ಬಡಕ್ಕಂತ ತೆರೀತು, ಬೆಳಕು ಬಿತ್ತು, ಕಾಗದ ಎಲ್ಲಾ ಕಪ್ಪಾಯ್ತು. ಕೈ ಮೇಲೆತ್ತು ಅಂದ್ರು. ಎತ್ತಿದ. ಅವನ ಕೈಯಲ್ಲಿದ್ದದ್ದು ಪ್ರಿಂಟ್ ಎತ್ತೋ ಮರದ ಇಕ್ಕಳ. ಅದರಿಂದ ನೀರು ಅವನ ತೋಳಿನ ಮೇಲೆ ಇಳೀತಿತ್ತು.

ಹೋಗಿ ಬಾಗಿಲು ತೆಗಿ ಮಗಳೇ. ಬರಲಿ, ಕೂರಲಿ ಎಲ್ಲರೂ, ಇದನ್ನ ಅವರೂ ಕೇಳಲಿ. ಫೋಕಿಯಾನ್ ಏನು ಬೇಕಾದ್ರೂ ಮಾಡ್ಕೊಳ್ಳಲಿ. ನೀನು ಮಾತ್ರ ನನ್ನ ಎದುರಿಗೇ ಕೂತ್ಕೊ. ಏನೂ ಹೇಳಬೇಡ. ಆಗಲೇ ನೋಡಿದ್ಯಲ್ಲ, ಹಾಗೇ ನೋಡ್ತಿರು. ನೀನು ಮಾತಾಡಿದ್ರೆ ನಾನು ಏನಾದ್ರೊಂದು ಸುಳ್ಳು ಹೇಳಿಬಿಡ್ತೀನಿ. ನೀನು ಸುಮ್ಮನಿದ್ರೆ ಅದು ನನ್ನ ಕೈಲಾಗಲ್ಲ.